ಕೃಷ್ಣಾ ಕಣಿವೆಯ ನೆರೆ ಮತ್ತು ಬೆಳೆಹಾನಿ: ಸ್ಥಳೀಯ ಇಲಾಖೆಗಳ ಸಮನ್ವಯದಲ್ಲಿ ಗಮನಿಸಬೇಕಾದ ಅಂಶಗಳು

ಉತ್ತರ ಕರ್ನಾಟಕದ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮತ್ತು ಭೀಮಾ ತೀರದ ರೈತರಿಗೆ ನೆರೆ ಹೊಸದಲ್ಲ. 2005, 2009, 2019 ಮತ್ತು 2021ರ ನೆರೆಗಳು ಇನ್ನೂ ನೆನಪಿನಲ್ಲಿವೆ. ನೀರಿನಿಂದಾಗುವ ಹಾನಿ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಅನಂತರ ಶುರುವಾಗುವ ಇನ್ನೊಂದು ನಷ್ಟದ ಬಗ್ಗೆ ಮಾತು ಕಡಿಮೆ. ಸಮೀಕ್ಷಾ ತಂಡ ಬರುವವರೆಗೆ ಹೊಲ ಮುಟ್ಟಬಾರದೆಂದು ರೈತ ಕಾಯುತ್ತಾನೆ. ತಂಡ ಬರುವಷ್ಟರಲ್ಲಿ ಎರೆಭೂಮಿಯ ಹದ ಆರಿ ಹಿಂಗಾರಿ ಬಿತ್ತನೆ ತಪ್ಪುತ್ತದೆ. ಕಾಯದೆ ರಂಟೆ ಹೊಡೆದವನ ಹೊಲದಲ್ಲಿ ಹಾನಿಯ ಗುರುತೇ ಉಳಿಯದೆ ಅವನ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಮುಂಗಾರಿನ ಬೆಳೆ ಹೋದವನಿಗೆ ಹಿಂಗಾರಿಯೂ ಹೋದರೆ ಆ ವರ್ಷದ ಸಾಲ ತೀರುವ ದಾರಿ ಇರುವುದಿಲ್ಲ. ಈ ಎರಡನೆಯ ನಷ್ಟಕ್ಕೆ ಪ್ರಕೃತಿ ಕಾರಣವಲ್ಲ. ಕಂದಾಯ, ಕೃಷಿ, ತೋಟಗಾರಿಕೆ, ಪಂಚಾಯತ್ ರಾಜ್ ಮತ್ತು ನೀರಾವರಿ ಇಲಾಖೆಗಳ ಕೆಲಸಗಳು ಒಂದಕ್ಕೊಂದು ಹೊಂದಿಕೊಳ್ಳದಿರುವುದು ಇದರ ಮೂಲ. ಆದ್ದರಿಂದ ಇದನ್ನು ತಡೆಯಲು ಸಾಧ್ಯವಿದೆ.

ಯಾರ ಬಳಿ ಯಾವ ಅಧಿಕಾರ, ಯಾವ ದಾಖಲೆ

ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವಿರುತ್ತದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು ಸಹ-ಅಧ್ಯಕ್ಷರು. ಇದೇ ಕಾಯ್ದೆಯ 41ನೇ ಕಲಮು ಸ್ಥಳೀಯ ಸಂಸ್ಥೆಗಳಿಗೂ ಕರ್ತವ್ಯ ವಿಧಿಸುತ್ತದೆ: ಸಿಬ್ಬಂದಿಗೆ ತರಬೇತಿ, ಸಾಮಗ್ರಿಗಳ ಸಿದ್ಧತೆ, ಪೀಡಿತ ಪ್ರದೇಶದಲ್ಲಿ ಪರಿಹಾರ ಕಾರ್ಯ. ಕಾಯ್ದೆಯ ಮಟ್ಟದಲ್ಲಿ ಕೊರತೆಯೇನೂ ಇಲ್ಲ. ತೊಡಕು ಕಾಣಿಸುವುದು ಹೋಬಳಿ ಮತ್ತು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ. ಅಲ್ಲಿ ಒಂದೇ ಹೊಲದ ಮಾಹಿತಿ ನಾಲ್ಕೈದು ಕಡೆ ಹಂಚಿಹೋಗಿರುತ್ತದೆ.

ಪಹಣಿ ಗ್ರಾಮ ಆಡಳಿತ ಅಧಿಕಾರಿಯ ಬಳಿ ಇದೆ. ಪರಿಹಾರದ ಹಣ ತಹಶೀಲ್ದಾರರ ಮೂಲಕ ಬರುತ್ತದೆ. ಬೆಳೆಯ ಹಾನಿ ಶೇಕಡಾ ಎಷ್ಟು ಎಂದು ಹೇಳಬಲ್ಲ ತಾಂತ್ರಿಕ ಜ್ಞಾನ ಸಹಾಯಕ ಕೃಷಿ ಅಧಿಕಾರಿಗೂ, ಈರುಳ್ಳಿ, ಮೆಣಸಿನಕಾಯಿ, ಬಾಳೆ, ದ್ರಾಕ್ಷಿಯಾದರೆ ಸಹಾಯಕ ತೋಟಗಾರಿಕೆ ಅಧಿಕಾರಿಗೂ ಇರುತ್ತದೆ. ಊರಿನಲ್ಲಿ ಡಂಗುರ ಹಾಕಿಸುವುದು, ಜೆಸಿಬಿ ಕರೆಸುವುದು, ಹಳ್ಳದ ದಾರಿ ತೆರವುಗೊಳಿಸುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಆಗಬೇಕು. ಜಲಾಶಯದಿಂದ ಎಷ್ಟು ನೀರು, ಯಾವ ಹೊತ್ತಿಗೆ ಬಿಡಲಾಗುತ್ತದೆ ಎಂಬುದು ನೀರಾವರಿ ನಿಗಮದ ಎಂಜಿನಿಯರಿಗೆ ತಿಳಿದಿರುತ್ತದೆ. ನದಿ ದಂಡೆಯ ಪಂಪ್‌ಸೆಟ್‌ಗಳ ವಿದ್ಯುತ್ತು ಕಡಿತಗೊಳಿಸುವುದು ಹೆಸ್ಕಾಂ ಅಥವಾ ಜೆಸ್ಕಾಂ ಶಾಖೆಯ ಕೆಲಸ. ಇವರೆಲ್ಲರಿಗೂ ಒಬ್ಬೊಬ್ಬ ಮೇಲಧಿಕಾರಿ ಇದ್ದಾರೆ. ಎಲ್ಲ ಇಲಾಖೆಗಳ ಮೇಲೂ ಆದೇಶ ನಡೆಯುವ ಅಧಿಕಾರಿ ಹೋಬಳಿಯಲ್ಲಿ ಇಲ್ಲ. ಆದ್ದರಿಂದ ಹೋಬಳಿಗೊಬ್ಬ ನೋಡಲ್ ಅಧಿಕಾರಿಯನ್ನು ಜೂನ್‌ಗಿಂತ ಮೊದಲೇ ನೇಮಿಸಿ, ಹೆಸರನ್ನು ರೈತ ಸಂಪರ್ಕ ಕೇಂದ್ರದ ಮತ್ತು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಸುವುದು ಅತ್ಯಗತ್ಯ. ನೆರೆ ಬಂದ ಮೇಲೆ ಹೊರಡುವ ನೇಮಕಾತಿ ಆದೇಶದಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಕ್ಯೂಸೆಕ್ ಲೆಕ್ಕವನ್ನು ಸರ್ವೆ ನಂಬರಿಗೆ ಇಳಿಸುವುದು

ಕೃಷ್ಣೆಯ ನೆರೆ ಬಹುಪಾಲು ನಮ್ಮ ಹೊಲದಲ್ಲಿ ಬಿದ್ದ ಮಳೆಯದಲ್ಲ. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ, ಕೊಯ್ನಾ ಜಲಾಶಯದ ಸುತ್ತ ಸುರಿದ ಮಳೆ ದೂಧಗಂಗಾ, ವೇದಗಂಗಾಗಳ ಜೊತೆ ಚಿಕ್ಕೋಡಿ ಭಾಗವನ್ನು ದಾಟಿ, ಹಿಪ್ಪರಗಿ ಬ್ಯಾರೇಜಿನ ಮೂಲಕ ಆಲಮಟ್ಟಿಗೆ ಬರುತ್ತದೆ. ಹೀಗಾಗಿ ಈ ನೆರೆಗೆ ಮುನ್ಸೂಚನೆಯ ಅವಕಾಶವಿದೆ. ಆದರೆ ಮುನ್ಸೂಚನೆ ಬರುವುದು ಕ್ಯೂಸೆಕ್ ಲೆಕ್ಕದಲ್ಲಿ.

1 ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರ ಸಂಗ್ರಹ ಸುಮಾರು 123 ಟಿಎಂಸಿ. 2019ರ ಆಗಸ್ಟ್‌ನಲ್ಲಿ ಇಲ್ಲಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ಮೀರಿತ್ತು. ಆ ವೇಗದಲ್ಲಿ ಒಳಹರಿವು ಇದ್ದರೆ ಪೂರ್ತಿ ಖಾಲಿ ಇರುವ ಆಲಮಟ್ಟಿಯೂ ಮೂರು ದಿನದೊಳಗೆ ತುಂಬುತ್ತದೆ. ‘ಇಷ್ಟು ದೊಡ್ಡ ಅಣೆಕಟ್ಟು ನೀರು ತಡೆಯಲಿಲ್ಲವೇಕೆ’ ಎಂದು ಕೇಳುವವರಿಗೆ ಈ ಲೆಕ್ಕ ಸಾಕು. ಜಲಾಶಯವನ್ನು ಎಷ್ಟು ಮುಂಚಿತವಾಗಿ, ಎಷ್ಟು ತಗ್ಗಿಸಿಡಬೇಕು ಎಂಬುದು ಎರಡು ರಾಜ್ಯಗಳ ಎಂಜಿನಿಯರುಗಳು ದಿನನಿತ್ಯ ಮಾತಾಡಿ ತೀರ್ಮಾನಿಸಬೇಕಾದ ವಿಷಯ. ನೆರೆಯ ವರ್ಷಗಳಲ್ಲಿ ಸಾಂಗಲಿ, ಕೊಲ್ಹಾಪುರದ ಜನ ಆಲಮಟ್ಟಿಯ ಹಿನ್ನೀರನ್ನು ದೂರುವುದು, ನಮ್ಮವರು ಕೊಯ್ನಾದ ಗೇಟುಗಳನ್ನು ದೂರುವುದು ನಡೆದೇ ಇದೆ.

ಗ್ರಾಮ ಮಟ್ಟದಲ್ಲಿ ಬೇಕಾದದ್ದು ಬೇರೆ. ‘ನಾರಾಯಣಪುರದಿಂದ 3 ಲಕ್ಷ ಕ್ಯೂಸೆಕ್ ಬಿಡಲಾಗುವುದು, ನದಿ ತೀರದವರು ಎಚ್ಚರಿಕೆಯಿಂದಿರಬೇಕು’ ಎಂಬ ಪ್ರಕಟಣೆಯಿಂದ ದೇವದುರ್ಗದ ಅಥವಾ ಲಿಂಗಸುಗೂರಿನ ರೈತನಿಗೆ ತನ್ನ ಮೋಟಾರು ಮುಳುಗುತ್ತದೆಯೋ ಇಲ್ಲವೋ ತಿಳಿಯುವುದಿಲ್ಲ. ಹೂವಿನಹೆಡಗಿ ಸೇತುವೆ ಮುಳುಗಿತು, ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯವರ ಸಂಪರ್ಕ ಕಡಿಯಿತು ಎಂದರೆ ತಕ್ಷಣ ತಿಳಿಯುತ್ತದೆ. ಹಿಂದಿನ ನೆರೆಗಳಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟಾಗ ನೀರು ಯಾವ ಗುಡಿಯ ಮೆಟ್ಟಿಲಿಗೆ, ಯಾವ ಸರ್ವೆ ನಂಬರಿಗೆ, ಯಾವ ಜಾಕ್‌ವೆಲ್‌ಗೆ ಬಂದಿತ್ತು ಎಂಬುದನ್ನು ಊರಿನ ಹಿರಿಯರು ನಿಖರವಾಗಿ ಹೇಳಬಲ್ಲರು. ಇದನ್ನು ನೀರಾವರಿ ನಿಗಮದ ಆ ದಿನದ ಹೊರಹರಿವಿನ ದಾಖಲೆಯೊಂದಿಗೆ ತಾಳೆ ನೋಡಿ, ಪ್ರತಿ ತೀರಗ್ರಾಮಕ್ಕೂ ಒಂದು ಪುಟದ ಪಟ್ಟಿ ತಯಾರಿಸಿ ಪಂಚಾಯಿತಿಯಲ್ಲಿ ಇಡಬಹುದು. ಖರ್ಚಿಲ್ಲದ ಕೆಲಸ, ಎಂಜಿನಿಯರ್, ಗ್ರಾಮ ಆಡಳಿತ ಅಧಿಕಾರಿ ಮತ್ತು ನಾಲ್ವರು ಹಿರಿಯ ರೈತರು ಒಂದು ಮಧ್ಯಾಹ್ನ ಕುಳಿತರೆ ಮುಗಿಯುತ್ತದೆ. ಪಟ್ಟಿ ಇದ್ದರೆ ಮುನ್ಸೂಚನೆ ಬಂದ ಕೂಡಲೇ ಯಾರು ಮೋಟಾರು, ಪೈಪು ಎತ್ತಬೇಕು, ಯಾರು ಮೇವಿನ ಬಣವೆ ಸಾಗಿಸಬೇಕು, ಹೆಸ್ಕಾಂ ಯಾವ ಪರಿವರ್ತಕವನ್ನು ಆರಿಸಬೇಕು ಎಂಬುದು ನಿಶ್ಚಯವಾಗುತ್ತದೆ. ವಿದ್ಯುತ್ತು ಆರಿಸಿರುವುದು ಖಚಿತವಾಗುವವರೆಗೆ ಯಾರೂ ನದಿಗಿಳಿದು ಮೋಟಾರು ಮುಟ್ಟಬಾರದು.

ಮಲಪ್ರಭೆಯ ಪರಿಸ್ಥಿತಿ ಇನ್ನೂ ಸೂಕ್ಷ್ಮ. ನವಿಲುತೀರ್ಥ ಜಲಾಶಯದ ಕೆಳಗೆ ನದಿಯ ಪಾತ್ರ ಒತ್ತುವರಿಯಿಂದ, ಹೂಳಿನಿಂದ, ಜಾಲಿಯಿಂದ ಕಿರಿದಾಗಿದೆ; ಬೆಣ್ಣೆಹಳ್ಳ ಬೇರೆ ಬಂದು ಸೇರುತ್ತದೆ. ರಾಮದುರ್ಗ ಬೆಳಗಾವಿ ಜಿಲ್ಲೆಗೆ, ನರಗುಂದ ಮತ್ತು ರೋಣ ಗದಗಕ್ಕೆ, ಬಾದಾಮಿ, ಹುನಗುಂದ ಬಾಗಲಕೋಟೆಗೆ, ಬೆಣ್ಣೆಹಳ್ಳದ ನವಲಗುಂದ ಧಾರವಾಡಕ್ಕೆ ಸೇರಿವೆ. ನದಿಯೊಂದು, ಜಿಲ್ಲಾ ಪ್ರಾಧಿಕಾರಗಳು ನಾಲ್ಕು. ಮೇಲಿನ ತಾಲ್ಲೂಕಿನ ನಿಯಂತ್ರಣ ಕೊಠಡಿಯಿಂದ ಕೆಳಗಿನ ತಾಲ್ಲೂಕಿನ ಕೊಠಡಿಗೆ ನೇರವಾಗಿ ಕರೆ ಹೋಗುವ ವ್ಯವಸ್ಥೆ ಇಲ್ಲಿ ತೀರ ಅಗತ್ಯ. ಮಳೆಯ ಮಾಹಿತಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆ ಈಗ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳ ಮೂಲಕ ಮಾಹಿತಿ ಸಂಗ್ರಹಿಸುತ್ತದೆ. ‘ವರುಣ ಮಿತ್ರ’ ಸಹಾಯವಾಣಿಯನ್ನು ರೈತರು ನೇರವಾಗಿ ಬಳಸಬಹುದು. ಮಳೆಮಾಪಕದ ಬೇಲಿಗೆ ದನ ಕಟ್ಟುವುದನ್ನು, ಸೌರಫಲಕದ ಮೇಲೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದರೆ ಆ ಮಾಹಿತಿ ಇನ್ನಷ್ಟು ವಿಶ್ವಾಸಾರ್ಹವಾಗುತ್ತದೆ.

ಜಂಟಿ ಸಮೀಕ್ಷೆ: ಬೆಳೆಗೆ ತಕ್ಕ ಸಮಯ

ಬೆಳೆಹಾನಿಯ ಸಮೀಕ್ಷೆಯನ್ನು ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಜಂಟಿಯಾಗಿ ನಡೆಸುತ್ತವೆ. ಹಾನಿ ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ವಿಪತ್ತು ಪರಿಹಾರ ನಿಧಿಯಿಂದ ಇನ್‌ಪುಟ್ ಸಬ್ಸಿಡಿ ದೊರೆಯುತ್ತದೆ. 2015ರವರೆಗೆ ಈ ಮಿತಿ ಶೇ. 50 ಇತ್ತು. ಶೇ. 32ಕ್ಕೂ 34ಕ್ಕೂ ನಡುವಿನ ವ್ಯತ್ಯಾಸವನ್ನು ಕಣ್ಣಳತೆಯಿಂದ ತೀರ್ಮಾನಿಸುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ಸಮೀಕ್ಷೆ ಯಾವ ದಿನ ನಡೆಯಿತು ಎಂಬುದರ ಮೇಲೆ ರೈತನ ಪರಿಹಾರ ನಿಂತಿರುತ್ತದೆ. ಹಾನಿ ಎಲ್ಲ ಬೆಳೆಗಳಲ್ಲಿಯೂ ಒಂದೇ ದಿನ ಕಾಣಿಸಿಕೊಳ್ಳುವುದಿಲ್ಲ ಎಂಬ ಕೃಷಿ ವಿಜ್ಞಾನದ ಸರಳ ಸಂಗತಿಯನ್ನು ಸಮೀಕ್ಷೆಯ ವೇಳಾಪಟ್ಟಿ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊಯ್ಲಿಗೆ ಬಂದ ಹೆಸರು ಕಾಳು ಕಾಯಿಯಲ್ಲೇ ಮೊಳೆಯುತ್ತದೆ. ಈರುಳ್ಳಿ ಗಡ್ಡೆ ಕೊಳೆಯುತ್ತದೆ. ಇವುಗಳ ಹಾನಿ ನೀರಿಳಿದ ಎರಡು ಮೂರು ದಿನಗಳಲ್ಲಿಯೇ ಕಾಣುತ್ತದೆ, ವಾರ ಕಳೆದರೆ ಗುರುತು ಅಳಿಸುತ್ತದೆ. ಮೊಣಕಾಲೆತ್ತರಕ್ಕಿಂತ ಚಿಕ್ಕದಿರುವ ಗೋವಿನಜೋಳ ಎರಡರಿಂದ ನಾಲ್ಕು ದಿನ ಮುಳುಗಿದರೆ ಸಾಯುತ್ತದೆ. ಇದನ್ನೂ ಬೇಗ ನೋಡಬೇಕು. ತೊಗರಿಯ ವಿಷಯ ಬೇರೆ. ಬುಡದಲ್ಲಿ ನೀರು ನಿಂತಾಗ ತೊಗರಿಯ ಬೇರು ಉಸಿರುಗಟ್ಟಿ ಕೊಳೆಯಲು ಆರಂಭಿಸಿದರೂ ಎಲೆಗಳು ಕೆಲವು ದಿನ ಹಸಿರಾಗಿಯೇ ಇರುತ್ತವೆ. ಬಿಸಿಲು ಬಿದ್ದ ಮೇಲೆ, ಎಂಟು ಹತ್ತು ದಿನಗಳಲ್ಲಿ, ಸಾಲುಸಾಲಾಗಿ ಬಾಡುತ್ತದೆ; ಫೈಟಾಪ್ತೊರಾ ಅಂಗಮಾರಿಯೂ ಆಗ ಕಾಣಿಸಿಕೊಳ್ಳುತ್ತದೆ. ನೀರಿಳಿದ ಮೂರನೆಯ ದಿನ ಬಂದ ತಂಡ ‘ತೊಗರಿ ಚೆನ್ನಾಗಿದೆ’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ. ಹತ್ತಿಯಲ್ಲಿ ಹೂ, ಕಾಯಿ ಉದುರುವುದು ಸಹ ತಡವಾಗಿಯೇ ತಿಳಿಯುತ್ತದೆ.

ಕಬ್ಬು ಇವೆಲ್ಲಕ್ಕಿಂತ ಗಟ್ಟಿ. ಸುಳಿ ನೀರಿನ ಮೇಲಿದ್ದರೆ ವಾರಕ್ಕೂ ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ಸುಳಿಯೇ ಮುಳುಗಿ ಅದರೊಳಗೆ ಕೆಸರು ತುಂಬಿದರೆ ಸುಳಿ ಕೊಳೆತು, ಪಕ್ಕದ ಕಣ್ಣುಗಳು ಚಿಗುರಿ, ಕಬ್ಬು ಬೆಂಡಾಗುತ್ತದೆ. ಇದು ಪೂರ್ತಿ ಗೊತ್ತಾಗಲು ಎರಡು ಮೂರು ವಾರ ಬೇಕು. ದೂರದಿಂದ ಹಸಿರಾಗಿ ಕಾಣುವ ಕಬ್ಬಿನ ಗದ್ದೆಯನ್ನು ರಸ್ತೆಯಲ್ಲಿ ನಿಂತು ಅಳೆಯುವುದು ತಪ್ಪು. ಐದಾರು ಕಡೆ ಒಳಹೊಕ್ಕು ಸುಳಿ ಎಳೆದು, ಕಾಂಡ ಸೀಳಿ ನೋಡಬೇಕು.

ಆದ್ದರಿಂದ ನಮ್ಮ ಸಲಹೆ ಇದು: ತೀರಗ್ರಾಮಗಳಲ್ಲಿ ಸಮೀಕ್ಷೆಯನ್ನು ಎರಡು ಸುತ್ತಿನಲ್ಲಿ ಮಾಡಬೇಕು. ಮೊದಲ ಸುತ್ತು ನೀರಿಳಿದ ವಾರದೊಳಗೆ ಹೆಸರು, ಈರುಳ್ಳಿ, ಎಳೆಯ ಗೋವಿನಜೋಳ, ತರಕಾರಿ ಮತ್ತು ಹೂಳು ತುಂಬಿದ ಹೊಲಗಳಿಗೆ. ಎರಡನೆಯದು ಹತ್ತು ದಿನಗಳ ನಂತರ ತೊಗರಿ ಮತ್ತು ಹತ್ತಿಗೆ. ಕಬ್ಬನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬಹುದು. ಒಂದೇ ಸುತ್ತಿಗೆ ಸಿಬ್ಬಂದಿ ಸಾಲದಿರುವಾಗ ಎರಡನೆಯದಕ್ಕೆ ಎಲ್ಲಿಂದ ತರುವುದೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಳೆವಾರು ಹಂಚಿದಾಗ ಮೊದಲ ಸುತ್ತಿನ ಹೊಲಗಳ ಸಂಖ್ಯೆ ಕಡಿಮೆಯಾಗುತ್ತದೆ. ಮೇಲ್ಮನವಿಗಳ ಮರುಸಮೀಕ್ಷೆಗೆ ತಗಲುವ ಓಡಾಟವೂ ತಗ್ಗುತ್ತದೆ.

ತಂಡ ಬಂದಾಗ ಎದುರಾಗುವ ಇನ್ನೊಂದು ತೊಡಕು ಪಹಣಿಯದು. ಪಹಣಿಯಲ್ಲಿ ಗೋವಿನಜೋಳ, ಹೊಲದಲ್ಲಿ ಈರುಳ್ಳಿ ಇದ್ದರೆ ಪರಿಹಾರ ತಂತ್ರಾಂಶ ಆ ದಾಖಲೆಯನ್ನು ಸುಲಭವಾಗಿ ಒಪ್ಪುವುದಿಲ್ಲ. ಮುಂಗಾರಿನಲ್ಲಿ ಬೆಳೆ ಸಮೀಕ್ಷೆ ಆ್ಯಪ್ ಮೂಲಕ ರೈತರೇ ತಮ್ಮ ಹೊಲದಲ್ಲಿ ನಿಂತು ಚಿತ್ರ ತೆಗೆದು ಬೆಳೆ ದಾಖಲಿಸುವ ಅವಕಾಶವಿದೆ. ಬಿತ್ತಿದ ಕೆಲವೇ ವಾರಗಳಲ್ಲಿ ಇದನ್ನು ಮುಗಿಸಿಕೊಳ್ಳಬೇಕು. ಫ್ರೂಟ್ಸ್ ಗುರುತಿನ ಸಂಖ್ಯೆಗೆ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಬೇಕು. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇರುವ ಕುಟುಂಬಗಳು ಪೌತಿ ಖಾತೆ ಬದಲಾವಣೆಯನ್ನು ಬೇಸಿಗೆಯಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು. ಲಾವಣಿ ಅಥವಾ ಪಾಲಿಗೆ ಮಾಡುವವರ ಸಮಸ್ಯೆ ಇದಕ್ಕಿಂತ ಕಠಿಣ: ಬೀಜ, ಗೊಬ್ಬರ ಹಾಕಿದವನು ಒಬ್ಬ, ಪರಿಹಾರ ಜಮೆಯಾಗುವುದು ಪಹಣಿದಾರನಿಗೆ. ಈಗಿರುವ ವ್ಯವಸ್ಥೆಯಲ್ಲಿ ಇದಕ್ಕೆ ಪೂರ್ಣ ಪರಿಹಾರವಿಲ್ಲ. ಬಿತ್ತುವ ಮೊದಲೇ ಇಬ್ಬರೂ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡಿದ್ದರೆ ಜಗಳವಾದರೂ ತಪ್ಪುತ್ತದೆ.

ಪರಿಹಾರ ಬೇರೆ, ವಿಮೆ ಬೇರೆ

ಈ ಎರಡನ್ನೂ ಒಂದೇ ಎಂದು ಭಾವಿಸಿ ಅವಧಿ ತಪ್ಪಿಸಿಕೊಂಡವರು ಬಹಳ. 2022-23ರಿಂದ 2025-26ರ ಅವಧಿಯ ಮಾರ್ಗಸೂಚಿಯಂತೆ ವಿಪತ್ತು ಪರಿಹಾರ ನಿಧಿಯಿಂದ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ನಿಗದಿಯಾಗಿದ್ದು, ಒಬ್ಬ ರೈತನಿಗೆ 2 ಹೆಕ್ಟೇರ್ ಗರಿಷ್ಠ ಮಿತಿ. ರಾಜ್ಯ ಸರ್ಕಾರವು 2019ರಲ್ಲಿ ಮತ್ತು 2025ರಲ್ಲಿ ತನ್ನ ಕಡೆಯಿಂದ ಹೆಚ್ಚುವರಿ ಮೊತ್ತ ಸೇರಿಸಿತ್ತು. ಪ್ರತಿ ವರ್ಷವೂ ಹಾಗಾಗುತ್ತದೆ ಎಂದು ಲೆಕ್ಕ ಹಾಕಬಾರದು. ಹೊಲದ ಮೇಲೆ 3 ಅಂಗುಲಕ್ಕಿಂತ ಹೆಚ್ಚು ಮರಳು ಅಥವಾ ಹೂಳು ಕುಳಿತಿದ್ದರೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂ. ಇದೆ. ನದಿ ದಿಕ್ಕು ಬದಲಿಸಿ ಜಮೀನೇ ಕೊಚ್ಚಿಹೋದ ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂ. ಬೆಳೆಹಾನಿ ಮಾತ್ರ ಬರೆಸಿ ಹೂಳಿನ ವಿಷಯ ಬರೆಸದೆ ಬಿಟ್ಟವರು ಎಷ್ಟೋ ಜನ. ಹೂಳಿನ ದಪ್ಪವನ್ನು ಅಳತೆಪಟ್ಟಿ ಇಟ್ಟು ಚಿತ್ರ ತೆಗೆದಿಡಬೇಕು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ದಾರಿಯೇ ಬೇರೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು ಘಟಕವಾಗಿ ಹಿಡಿದು ಬೆಳೆ ಕಟಾವು ಪ್ರಯೋಗದ ಸರಾಸರಿ ಇಳುವರಿಯ ಮೇಲೆ ನಷ್ಟ ನಿರ್ಧಾರವಾಗುತ್ತದೆ. ಹೊಲ ಜಲಾವೃತವಾದಂಥ ಸ್ಥಳೀಯ ವಿಕೋಪದಲ್ಲಿ ಮಾತ್ರ ವೈಯಕ್ತಿಕ ಹೊಲದ ಹಾನಿಯನ್ನು ನೋಡುತ್ತಾರೆ. ಅದಕ್ಕೆ ಹಾನಿಯಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಸೂಚನೆ ಕೊಟ್ಟಿರಬೇಕು. ಕಂದಾಯ ಇಲಾಖೆಯ ಸಮೀಕ್ಷಾ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ವಿಮೆಗೆ ದೂರು ಕೊಟ್ಟಂತೆ ಆಗುವುದಿಲ್ಲ. ಊರು ಜಲಾವೃತವಾಗಿ ಕಾಳಜಿ ಕೇಂದ್ರದಲ್ಲಿರುವ ರೈತ 72 ಗಂಟೆಯೊಳಗೆ ಎಲ್ಲಿಗೆ ಹೋಗಬೇಕು? ಕೃಷಿ ಸಿಬ್ಬಂದಿ ಅರ್ಜಿ ನಮೂನೆ ಹಿಡಿದು ಕಾಳಜಿ ಕೇಂದ್ರಕ್ಕೇ ಹೋಗುವುದೊಂದೇ ದಾರಿ. ಭತ್ತ, ಕಬ್ಬಿನಂಥ ನೀರು ತಾಳುವ ಬೆಳೆಗಳಿಗೆ ಜಲಾವೃತದ ನಿಯಮಗಳು ಕಾಲಕಾಲಕ್ಕೆ ಬದಲಾಗಿರುವುದರಿಂದ ಆಯಾ ಹಂಗಾಮಿನ ಅಧಿಸೂಚನೆಯನ್ನು ನೋಡಿಕೊಳ್ಳಬೇಕು. ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆಗೆ 14 ದಿನಗಳವರೆಗೆ ರಕ್ಷಣೆಯುಂಟು. ಅದಕ್ಕೂ ಇದೇ 72 ಗಂಟೆಯ ಸೂಚನೆ ಅನ್ವಯಿಸುತ್ತದೆ.

ಹದ ತಪ್ಪದಂತೆ ಮುಂದಿನ ಬಿತ್ತನೆ

ಎರೆಭೂಮಿಯಲ್ಲಿ ನೀರಿಳಿದ ಮೇಲೆ ಕುಂಟೆ ಹಾಯುವ ಹದ ಬರಲು ಹತ್ತಾರು ದಿನ ಬೇಕು. ಬಂದ ಹದ ಉಳಿಯುವುದು ವಾರದ ಆಸುಪಾಸು. ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮಧ್ಯದವರೆಗೆ, ಕಡಲೆಗೆ ಅಕ್ಟೋಬರ್ ಆರಂಭದಿಂದ ನವೆಂಬರ್ ಮೊದಲ ವಾರದವರೆಗೆ ಬಿತ್ತನೆಗೆ ಸೂಕ್ತ ಕಾಲ. ಆಗಸ್ಟ್ ನೆರೆಯಲ್ಲಿ ಬೆಳೆ ಕಳೆದುಕೊಂಡವರಿಗೆ ಕಾಲಾವಕಾಶ ಸಾಕಷ್ಟಿದೆ. ಸೆಪ್ಟೆಂಬರ್ ಕೊನೆಗೆ ನೆರೆ ಬಂದರೆ, 2009ರಲ್ಲಿ ಆದಂತೆ, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಇಂಥ ಸಂದರ್ಭದಲ್ಲಿ ಸಮೀಕ್ಷೆ ತಡವಾಗುವಂತಿದ್ದರೆ ಇಡೀ ಹೊಲವನ್ನು ಪಾಳು ಬಿಡುವುದಕ್ಕಿಂತ, ಹೊಲದ ಎರಡು ಮೂರು ಕಡೆ ಹಾಳಾದ ಬೆಳೆಯ ಪಟ್ಟೆಗಳನ್ನು ಹಾಗೆಯೇ ಉಳಿಸಿ ಮಿಕ್ಕದ್ದನ್ನು ಹರಗುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಆದರೆ ರೈತ ತಾನೇ ನಿರ್ಧರಿಸಿ ಹೀಗೆ ಮಾಡಬಾರದು. ಮೊದಲು ಗ್ರಾಮ ಆಡಳಿತ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಅವರ ಸಮಕ್ಷಮದಲ್ಲಿ ಪಂಚನಾಮೆ ಆಗಬೇಕು. ದಿನಾಂಕ ಮತ್ತು ಸ್ಥಳ ಮುದ್ರಿತವಾಗುವ ಚಿತ್ರಗಳನ್ನು ಹೊಲದ ನಾಲ್ಕೂ ಮೂಲೆಗಳಿಂದ ತೆಗೆಯಬೇಕು. ವಿಮೆಗೆ ದೂರು ಕೊಟ್ಟಿದ್ದರೆ ಆ ಸಂಸ್ಥೆಯ ಪರಿವೀಕ್ಷಕ ನೋಡಿ ಹೋಗುವವರೆಗೆ ಬೆಳೆ ಕೀಳಬಾರದು. ಈ ಪದ್ಧತಿಯನ್ನು ಒಪ್ಪಬೇಕೇ ಬೇಡವೇ ಎಂಬುದನ್ನು ತಾಲ್ಲೂಕು ಮಟ್ಟದ ಮುಂಗಾರು ಪೂರ್ವ ಸಭೆಯಲ್ಲಿಯೇ ತಹಶೀಲ್ದಾರರು, ಸಹಾಯಕ ಕೃಷಿ ನಿರ್ದೇಶಕರು ಮತ್ತು ವಿಮಾ ಸಂಸ್ಥೆಯ ಪ್ರತಿನಿಧಿ ಕೂಡಿ ತೀರ್ಮಾನಿಸಿ ನಡಾವಳಿಯಲ್ಲಿ ಬರೆಸಿದರೆ, ಹೊಲದಲ್ಲಿ ನಿಂತ ಕಿರಿಯ ಸಿಬ್ಬಂದಿಗೆ ಧೈರ್ಯ ಬರುತ್ತದೆ. ಈಗ ಆ ಧೈರ್ಯ ಇಲ್ಲದ್ದರಿಂದಲೇ ‘ಮೇಲಿನಿಂದ ಆದೇಶ ಬರಲಿ’ ಎಂಬ ಮಾತು ಕೇಳಬೇಕಾಗಿದೆ.

ಜಾನುವಾರುಗಳ ವಿಷಯದಲ್ಲಿ ಒಂದೇ ಮಾತು. ಸತ್ತ ಹಸು ಅಥವಾ ಎಮ್ಮೆಗೆ 37,500 ರೂ., ಎತ್ತಿಗೆ 32,000 ರೂ., ಕುರಿ ಮೇಕೆಗೆ 4,000 ರೂ. ಪರಿಹಾರ ಪಡೆಯಲು ಪಶುವೈದ್ಯರ ಮರಣೋತ್ತರ ವರದಿ ಬೇಕಾಗುತ್ತದೆ. ಹೂಳುವ ಮುನ್ನ ಅವರನ್ನು ಕರೆಸಬೇಕು.

ಬೀಜದ ಸಿದ್ಧತೆಯನ್ನು ರೈತ ಸಂಪರ್ಕ ಕೇಂದ್ರಗಳು ಸಮೀಕ್ಷೆಯ ಜೊತೆಜೊತೆಗೇ ಮಾಡಿಕೊಳ್ಳಬೇಕು. ಮೊದಲ ಸುತ್ತಿನ ಸಮೀಕ್ಷೆಯಿಂದ ಎಷ್ಟು ಹೆಕ್ಟೇರ್ ಖಾಲಿಯಾಗಿದೆ ಎಂಬುದು ತಿಳಿಯುತ್ತದೆ. ಅದೇ ಸಂಖ್ಯೆಯಿಂದ ಬೀಜದ ಬೇಡಿಕೆಯನ್ನು ಆ ವಾರವೇ ಕಳುಹಿಸಬಹುದು. ಹಿಂಗಾರಿ ಜೋಳಕ್ಕೆ ಹೆಕ್ಟೇರಿಗೆ ಸುಮಾರು 7.5 ಕಿಲೊ, ಕಡಲೆಗೆ 50ರಿಂದ 60 ಕಿಲೊ ಬೀಜ ಬೇಕಾಗುತ್ತದೆ. ಒಂದು ಹೋಬಳಿಯಲ್ಲಿ 1,000 ಹೆಕ್ಟೇರ್ ಮುಳುಗಿ ಅರ್ಧದಷ್ಟು ಕಡಲೆಗೆ ಹೋದರೂ 250ರಿಂದ 300 ಕ್ವಿಂಟಲ್ ಬೀಜ ಅಕ್ಟೋಬರ್ ಮೊದಲ ದಿನಕ್ಕೆ ಗೋದಾಮಿನಲ್ಲಿರಬೇಕು. ನೆರೆಯ ಹೂಳು ಕುಳಿತ ಹೊಲಗಳಲ್ಲಿ ಸೊರಗು ರೋಗದ ಭಯವಿರುವುದರಿಂದ ಕಡಲೆ ಬೀಜಕ್ಕೆ ಟ್ರೈಕೊಡರ್ಮಾ ಉಪಚಾರ ಮಾಡಿಯೇ ಬಿತ್ತಬೇಕು. ಪ್ರತಿ ಕಿಲೊ ಬೀಜಕ್ಕೆ 4 ಗ್ರಾಂ ಸಾಕು. ಇದರ ದಾಸ್ತಾನಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸೆಪ್ಟೆಂಬರ್‌ನಲ್ಲಿಯೇ ಸಂಪರ್ಕಿಸಬಹುದು.